ಅಸ್ತಮಾ ಇರುವ ಮಕ್ಕಳಿಗೆ ಏನು ಕಲಿಸಬೇಕು, ಯಾವಾಗ ಕಲಿಸಬೇಕು: ಬಳ್ಳಾರಿ, ಕೊಪ್ಪಳ, ರಾಯಚೂರಿನ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಕರ ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆಗಳು, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆಗಳು, ರಾತ್ರಿ ಫೋನಿಗೆ ಬರುವ ಪ್ರಶ್ನೆಗಳು ಎಲ್ಲವನ್ನೂ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಸರ್ಕಾರಿ ಶಾಲೆಯ ಶಿಕ್ಷಕಿ, ಅಸ್ತಮಾ ಇರುವ ಹುಡುಗನ ತಾಯಿ. ಯಾವ ಔಷಧಿ, ಎಷ್ಟು ಎಂಬುದನ್ನು ನಿಮ್ಮ ಮಕ್ಕಳ ಡಾಕ್ಟರೇ ಹೇಳಬೇಕು. ಅವರು ಚೀಟಿ ಬರೆದುಕೊಟ್ಟ ಮೇಲೆ ಮನೆಯಲ್ಲಿ, ಶಾಲೆಯಲ್ಲಿ ಉಳಿಯುವ ಕೆಲಸದ ಬಗ್ಗೆ ಮಾತ್ರ ನಾನು ಹೇಳಬಲ್ಲೆ.

"ಟೀಚರ್, ಹುಡುಗ ಇನ್ನೂ ಸಣ್ಣಾವ. ಅವಗ್ಯಾಕ ಇದೆಲ್ಲಾ? ನಾವು ನೋಡ್ಕೊಳ್ಳೋದಿಲ್ಲೇನು?"

ನೋಡಿಕೊಳ್ಳುತ್ತೀರಿ, ನೀವು ಜೊತೆಗಿದ್ದಾಗ. ದಮ್ಮು ಹತ್ತುವುದು ಮಾತ್ರ ಶಾಲೆಯ ಮೈದಾನದಲ್ಲಿ, ಅಜ್ಜಿಯ ಊರಲ್ಲಿ, ಗವಿಮಠದ ಜಾತ್ರೆಯ ಗದ್ದಲದಲ್ಲಿ. ಎದೆ ಬಿಗಿಯುತ್ತಿದೆ ಎಂಬುದು ಮೊದಲು ಗೊತ್ತಾಗುವುದು ಮಗುವಿಗೇ. ಅದು ಬಾಯಿ ಬಿಟ್ಟು ಹೇಳದಿದ್ದರೆ ನಮಗೆ ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಹಾಗಾಗಿ ಕಲಿಕೆಯನ್ನು "ದೊಡ್ಡವನಾದ ಮೇಲೆ" ಎಂದು ಮುಂದೂಡಬಾರದು. ಜವಾಬ್ದಾರಿಯನ್ನು ಮಾತ್ರ ನಿಧಾನವಾಗಿ ದಾಟಿಸಬೇಕು.

ಹಾಗಾದರೆ ಯಾವ ವಯಸ್ಸಿಗೆ ಏನು?

ಕಟ್ಟುನಿಟ್ಟಿನ ಲೆಕ್ಕ ಇಲ್ಲ, ಮಗುವಿನ ಮೇಲೆ ಹೋಗುತ್ತದೆ. ಅಂಗನವಾಡಿ ವಯಸ್ಸಿನ ಮಗುವಿಗೆ ಒಂದೇ ಪಾಠ ಸಾಕು: ಎದೆಯಲ್ಲಿ ಏನೋ ಆಗುತ್ತಿದೆ ಅನ್ನಿಸಿದ ಕೂಡಲೇ ಹತ್ತಿರದ ದೊಡ್ಡವರಿಗೆ ಹೇಳುವುದು. ಒಂದನೇ, ಎರಡನೇ ತರಗತಿಗೆ ಬಂದಾಗ ಸ್ಪೇಸರ್ (ಪಂಪ್ ಅಂದರೆ ಇನ್‌ಹೇಲರಿಗೆ ಸಿಕ್ಕಿಸಿ ಉಸಿರೆಳೆಯುವ ಪ್ಲಾಸ್ಟಿಕ್ ಕೊಳವೆ) ತಾನೇ ಹಿಡಿಯಲಿ, ಉಸಿರು ತಾನೇ ಎಣಿಸಲಿ, ನೀವು ಪಕ್ಕದಲ್ಲಿರಿ. ನಾಲ್ಕು, ಐದನೇ ತರಗತಿಯವರು ದಿನದ ಪಂಪನ್ನು ತಾವೇ ತೆಗೆದುಕೊಳ್ಳಬಹುದು, ಅದಕ್ಕೂ ದಮ್ಮು ಹತ್ತಿದಾಗ ತೆಗೆದುಕೊಳ್ಳುವ ನೀಲಿ ಪಂಪಿಗೂ ಇರುವ ವ್ಯತ್ಯಾಸ ಅವರಿಗೆ ಬಾಯಿಪಾಠ ಇರಬೇಕು. ಹೈಸ್ಕೂಲಿಗೆ ಹೋದ ಮೇಲೆ ಎಲ್ಲವೂ ಅವರದೇ. ಆದರೂ ವಾರಕ್ಕೊಮ್ಮೆ ಪಂಪಿನ ಲೆಕ್ಕ ನೋಡುವುದನ್ನು ಬಿಡಬೇಡಿ. ಹದಿಮೂರು ವರ್ಷದವರು "ಹ್ಞೂಂ ಅಮ್ಮ, ತಗೊಂಡೆ" ಎನ್ನುವುದರಲ್ಲಿ ನಿಪುಣರು.

ಅಸ್ತಮಾ ಅಂದರೇನು ಅಂತ ಮಗುವಿಗೆ ಹೇಗೆ ಹೇಳುವುದು?

ನಮ್ಮ ಕಡೆಯ ಮಕ್ಕಳಿಗೆ ತುಂಗಭದ್ರಾ ಕಾಲುವೆ ಗೊತ್ತು. ಮುಖ್ಯ ಕಾಲುವೆ ಒಡೆದು ಉಪಕಾಲುವೆ, ಅದು ಒಡೆದು ಹೊಲಕ್ಕೆ ಹೋಗುವ ಸಣ್ಣ ಕಾಲುವೆ. ಎದೆಯೊಳಗೆ ಗಾಳಿ ಹೋಗುವ ದಾರಿಯೂ ಹೀಗೇ ಕವಲೊಡೆಯುತ್ತದೆ ಎಂದು ಹೇಳಿ. ಅಸ್ತಮಾ ಇದ್ದವರಲ್ಲಿ ಆ ಸಣ್ಣ ಕಾಲುವೆಯ ದಂಡೆ ಒಳಗಡೆಯಿಂದ ಊದಿಕೊಂಡಿರುತ್ತದೆ, ಕಫದ ಹೂಳು ತುಂಬುತ್ತದೆ. ಧೂಳೋ ನೆಗಡಿಯೋ ತಾಗಿದಾಗ ಸುತ್ತಲಿನ ಸ್ನಾಯು ಬಿಗಿಹಿಡಿದು ತೂಬು ಮುಚ್ಚಿದಂತೆ ಆಗುತ್ತದೆ. ಆಗ ಗಾಳಿ ಸೊಂಯ್ ಎಂದು ಶಬ್ದ ಮಾಡಿಕೊಂಡು ನುಸುಳುತ್ತದೆ.

ಇಷ್ಟು ಹೇಳಿದರೆ ಎರಡು ಪಂಪ್ ಏಕೆ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಸಾಲ್ಬುಟಮಾಲ್ ಪಂಪ್ ತೂಬು ಎತ್ತುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ನಾಲ್ಕಾರು ಗಂಟೆಗೆ ಮುಗಿಯುತ್ತದೆ. ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಇರುವ ಇನ್ನೊಂದು ಪಂಪ್ ದಂಡೆಯ ಊತ ಇಳಿಸುತ್ತದೆ. ಅದಕ್ಕೆ ದಿನಗಳು, ವಾರಗಳು ಬೇಕು. ಆದ್ದರಿಂದ ಮಗು ಚೆನ್ನಾಗಿ ಓಡಾಡಿಕೊಂಡಿದ್ದಾಗಲೂ ಅದನ್ನು ಕೊಡಬೇಕು. ನನ್ನ ಅನುಭವದಲ್ಲಿ ಪಾಲಕರು ಎಡವುವುದು ಇಲ್ಲೇ. ದಮ್ಮು ನಿಂತಿತು ಎಂದು ಎರಡನೆಯದನ್ನು ನಿಲ್ಲಿಸುತ್ತಾರೆ, ನೀಲಿಯದನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಣ್ಣ, ತಂಗಿ, ಗೆಳೆಯರಿಗೂ ಅರ್ಥ ಮಾಡಿಸಬೇಕೆಂದರೆ ಅರ್ಧ ನಿಮಿಷ ಓಡಿಸಿ, ಮೂಗು ಹಿಡಿದುಕೊಂಡು ಸ್ಟ್ರಾ ಒಳಗಿಂದ ಮಾತ್ರ ಉಸಿರಾಡಲು ಹೇಳಿ. ಕಷ್ಟವೆನಿಸಿದ ಕೂಡಲೇ ನಿಲ್ಲಿಸಲಿ. ಅಸ್ತಮಾ ಇರುವ ಮಗುವಿನ ಕೈಲಿ ಮಾತ್ರ ಇದನ್ನು ಮಾಡಿಸಬೇಡಿ, ಅದಕ್ಕೆ ಗೊತ್ತೇ ಇದೆ.

"ಪಂಪ್ ಒಮ್ಮೆ ಹಚ್ಚಿದ್ರ ಜೀವನಪೂರ್ತಿ ಬಿಡಂಗಿಲ್ಲಂತ, ಎತ್ತರಾನೂ ಬೆಳೆಯೋದಿಲ್ಲಂತ?"

ಚಟ ಹಿಡಿಯುವ ಔಷಧಿ ಇದಲ್ಲ. ಅಸ್ತಮಾ ವರ್ಷಗಟ್ಟಲೆ ಇರುವ ಕಾಯಿಲೆ, ಅದಕ್ಕೇ ಔಷಧಿಯೂ ವರ್ಷಗಟ್ಟಲೆ. ಹತೋಟಿಗೆ ಬಂದ ಮೇಲೆ ಡಾಕ್ಟರೇ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಎತ್ತರದ ಮಾತು ಪೂರ್ತಿ ಸುಳ್ಳಲ್ಲ. ಸ್ಟಿರಾಯ್ಡ್ ಪಂಪ್ ದಿನವೂ ತೆಗೆದುಕೊಳ್ಳುವ ಮಕ್ಕಳಲ್ಲಿ ಬೆಳವಣಿಗೆ ಸುಮಾರು 1 ಸೆಂಟಿಮೀಟರ್ ಕಡಿಮೆಯಾಗಬಹುದು ಎಂದು ಅಧ್ಯಯನಗಳು ಹೇಳುತ್ತವೆ. ರಾತ್ರಿಯೆಲ್ಲ ಕೆಮ್ಮಿ ನಿದ್ದೆ ಇಲ್ಲದ, ಊಟ ಸೇರದ, ತಿಂಗಳಿಗೊಮ್ಮೆ ಸ್ಟಿರಾಯ್ಡ್ ಮಾತ್ರೆ ನುಂಗುವ ಮಗು ಅದಕ್ಕಿಂತ ಹೆಚ್ಚು ಸೊರಗುತ್ತದೆ. ಪಂಪಿನ ಔಷಧಿ ಮೈಕ್ರೊಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಮಾತ್ರೆ, ಸಿರಪ್ ಮೈಯೆಲ್ಲ ಸುತ್ತುತ್ತವೆ.

ಪಂಪ್ ಹಿಡಿಯುವುದು ಕಲಿಸಿದ್ದೇವೆ, ಆದರೂ ಗುಣ ಕಾಣುತ್ತಿಲ್ಲ.

ಒಮ್ಮೆ ನಿಮ್ಮೆದುರಿಗೆ ಮಾಡಿ ತೋರಿಸಲು ಹೇಳಿ, ಬಾಯಿ ಹಾಕದೆ ಸುಮ್ಮನೆ ನೋಡಿ. ನಾನು ನೋಡಿದ ಮಕ್ಕಳಲ್ಲಿ ಹೆಚ್ಚಿನವರು ಪಂಪ್ ಒತ್ತುತ್ತಾರೆ, ಆಮೇಲೆ ಯೋಚನೆ ಮಾಡಿ ಉಸಿರು ಎಳೆಯುತ್ತಾರೆ. ಅಷ್ಟರಲ್ಲಿ ಔಷಧಿ ನಾಲಿಗೆ ಮೇಲೆ ಕೂತಿರುತ್ತದೆ. ಸ್ಪೇಸರ್ ಇರುವುದು ಇದಕ್ಕೇ. ದೊಡ್ಡವರಿಗೂ ಸ್ಪೇಸರ್ ಒಳ್ಳೆಯದೇ, ಮಕ್ಕಳಿಗಂತೂ ಬೇಕೇ ಬೇಕು. ನಾಲ್ಕು ವರ್ಷದವರೆಗೆ ಮಾಸ್ಕ್ ಇರುವುದು, ಆಮೇಲೆ ತುಟಿಯಲ್ಲಿ ಕಚ್ಚಿ ಹಿಡಿಯುವುದು.

ಮಗು ನೆಟ್ಟಗೆ ಕೂರಲಿ ಅಥವಾ ನಿಲ್ಲಲಿ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ಗೆ ಸಿಕ್ಕಿಸಬೇಕು. ತುಟಿ ಸಂದಿ ಇಲ್ಲದಂತೆ ಮುಚ್ಚಿದ ಮೇಲೆ ಒಂದು ಸಲ, ಒಂದೇ ಸಲ, ಒತ್ತಬೇಕು. ನಂತರ ನಿಧಾನವಾಗಿ ಐದಾರು ಉಸಿರು. ಒಳಗಿನ ಕವಾಟ ಟಕ್ ಟಕ್ ಎಂದು ಅಲ್ಲಾಡುವುದು ಕಿವಿಗೆ ಕೇಳುತ್ತದೆ, ಆ ಟಕ್ಕನ್ನೇ ಮಗು ಬೆರಳಿನಲ್ಲಿ ಎಣಿಸಲಿ. ಕೆಲವು ಸ್ಪೇಸರ್ ಜೋರಾಗಿ ಎಳೆದರೆ ಸಿಳ್ಳೆ ಹೊಡೆಯುತ್ತವೆ. ಮಕ್ಕಳಿಗೆ ಸಿಳ್ಳೆ ಅಂದರೆ ಖುಷಿ, ಬೇಕಂತಲೇ ಹೊಡೆಸುತ್ತಾರೆ! ಸಿಳ್ಳೆ ಬಂದರೆ ತಪ್ಪು ಎಂದು ಮೊದಲೇ ಹೇಳಿಡಿ. ಎರಡನೇ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಎರಡು ಪಫ್ ಒಟ್ಟಿಗೆ ಒತ್ತಿ ಎಳೆದರೆ ಔಷಧಿಯ ಬಹುಭಾಗ ಸ್ಪೇಸರ್ ಗೋಡೆಗೇ ಅಂಟುತ್ತದೆ. ಸ್ಟಿರಾಯ್ಡ್ ಪಂಪ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರುತ್ತದೆ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಪಂಪ್ ಇಟ್ಟರೆ ಇದು ತಾನಾಗಿ ಆಗುತ್ತದೆ, ಮರೆಯುವುದೂ ಇಲ್ಲ.

ವಾರಕ್ಕೊಮ್ಮೆ ಪಾತ್ರೆ ಸೋಪಿನ ಬೆಚ್ಚನೆ ನೀರಿನಲ್ಲಿ ಸ್ಪೇಸರ್ ಅದ್ದಿ ತೆಗೆದು ಹಾಗೇ ಗಾಳಿಗೆ ಒಣಗಿಸಿ. ಬಟ್ಟೆಯಿಂದ ಉಜ್ಜಬೇಡಿ. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿಯನ್ನು ಹಿಡಿದುಕೊಳ್ಳುತ್ತದೆ.

ಕ್ಯಾಪ್ಸೂಲ್ ಹಾಕಿ ತಿರುಗಿಸಿ ಎಳೆಯುವ ರೋಟಾಹೇಲರ್ ಕೊಟ್ಟಿದ್ದರೆ ಉಸಿರಿನ ರೀತಿ ಪೂರ್ತಿ ಉಲ್ಟಾ: ಜೋರಾಗಿ, ಆಳವಾಗಿ ಎಳೆಯಬೇಕು. ಐದಾರು ವರ್ಷದೊಳಗಿನವರಿಗೆ ಅದು ಸಾಗುವುದಿಲ್ಲ. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಸುವ ಮನೆಗಳೂ ಇವೆ.

ಸ್ಪೇಸರ್ ಕೊಳ್ಳಲು ದುಡ್ಡಿಲ್ಲ.

ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರರಲ್ಲೂ ಮಕ್ಕಳ ವಿಭಾಗ ಇದೆ. ಸ್ಪೇಸರ್ ಸಿಗದೇ ಇದ್ದರೆ ಅರ್ಧ ಲೀಟರಿನ ತಂಪು ಪಾನೀಯದ ಬಾಟಲಿ. ತಮಾಷೆಯಲ್ಲ. ಬಾಟಲಿಯ ತಳಕ್ಕೆ ಪಂಪಿನ ಬಾಯಿ ಸರಿಯಾಗಿ ಕೂರುವಷ್ಟೇ ತೂತು ಮಾಡಿ, ಸುತ್ತ ಅಂಟು ಹಾಕಿ ಸಂದಿ ಮುಚ್ಚಿ, ಬಾಟಲಿಯ ಬಾಯಿಂದ ಉಸಿರಾಡುವುದು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ದಮ್ಮು ಹತ್ತಿ ಬಂದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಸಂದಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತ್ತು, ಥರ್ಮಾಕೋಲ್ ಲೋಟ ಸೋತಿತ್ತು. ಮಾಡಿದ ಮೇಲೆ ಡಾಕ್ಟರಿಗೋ ನರ್ಸಿಗೋ ಒಮ್ಮೆ ತೋರಿಸಿ.

ಔಷಧಿಯನ್ನು ಮಂಜಿನಂತೆ ಮಾಡಿ ಮೂತಿಗೆ ಬಿಡುವ ನೆಬುಲೈಜರ್ ಮಷಿನ್ನೇ ತಂದಿಟ್ಟುಕೊಂಡರೆ?

ತೀವ್ರವಲ್ಲದ ದಮ್ಮಿಗೆ ಪಂಪ್ ಮತ್ತು ಸ್ಪೇಸರ್ ಮಷಿನ್ನಿನಷ್ಟೇ ಪರಿಣಾಮಕಾರಿ. ಮಷಿನ್ನಿಗೆ ಕರೆಂಟ್ ಬೇಕು. ನಮ್ಮ ಊರುಗಳಲ್ಲಿ ಕರೆಂಟಿನ ಕಥೆ ನಾನು ಹೇಳಬೇಕೇ?

ದಮ್ಮು ಹತೋಟಿಯಲ್ಲಿದೆಯೋ ಇಲ್ಲವೋ ಮಗುವಿಗೆ ಹೇಗೆ ಗೊತ್ತಾಗಬೇಕು?

ನಾಲ್ಕು ಪ್ರಶ್ನೆ ಕಲಿಸಿ. ಹಗಲು ಹೊತ್ತು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೆಮ್ಮು, ಸೊಂಯ್ ಸದ್ದು ಬಂತೇ? ನೀಲಿ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ರಾತ್ರಿ ದಮ್ಮಿನಿಂದ ಎಚ್ಚರವಾಯಿತೇ? ಆಟ ಅರ್ಧಕ್ಕೆ ಬಿಟ್ಟೆಯಾ? ಒಂದಕ್ಕಾದರೂ ಹೌದು ಎಂದರೆ ಡಾಕ್ಟರ ಹತ್ತಿರ ಹೋಗುವ ಹೊತ್ತಾಯಿತು. ಐದಾರು ವರ್ಷ ದಾಟಿದವರು ಉಸಿರು ಬಿಡುವ ಜೋರನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಊದಬಹುದು. ಆರಾಮಿದ್ದಾಗ ಮಗು ಊದುವ ಅತಿ ಹೆಚ್ಚಿನ ಅಂಕ ಬರೆದಿಡಿ. ಅದರ ಶೇ 80ಕ್ಕಿಂತ ಮೇಲಿದ್ದರೆ ಹಸಿರು, ಅಂದರೆ ಆರಾಮ; 50ರಿಂದ 80 ಹಳದಿ, ಅಂದರೆ ಎಚ್ಚರ; 50ಕ್ಕಿಂತ ಕೆಳಗೆ ಕೆಂಪು, ಅಂದರೆ ಅಪಾಯ. ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಕ್ಯಾಲೆಂಡರಿನ ಚೌಕದಲ್ಲಿ ರಾತ್ರಿ ಕೆಮ್ಮಿದ ದಿನ ಮಗುವೇ ಒಂದು ಗೀಟು ಹಾಕಲಿ. ಡಾಕ್ಟರ್ ಮುಂದೆ ಹಾಳೆ ಹರವಿದರೆ ಮಾತೇ ಬೇಡ.

ದಮ್ಮು ಜೋರಾಗಿ ಹತ್ತಿದಾಗ ಏನು ಮಾಡಬೇಕು ಅಂತ ಕಲಿಸಬೇಕು?

ಇದನ್ನು ಮಗು ಆರಾಮಿದ್ದಾಗಲೇ ಆಡಿಸಿ ಅಭ್ಯಾಸ ಮಾಡಿಸಿ. ಡಾಕ್ಟರಿಂದ ಬರೆಸಿಕೊಂಡ ಕ್ರಮ ಗೋಡೆ ಮೇಲೆ ಅಂಟಿಸಿರಬೇಕು. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಕಲಿಸುವ ನಾಲ್ಕರ ಲೆಕ್ಕ ಮಕ್ಕಳ ನಾಲಿಗೆಗೆ ಬೇಗ ಕೂರುತ್ತದೆ: ಸ್ಪೇಸರಿನಲ್ಲಿ ಒಂದೊಂದಾಗಿ ನೀಲಿ ಪಂಪಿನ 4 ಪಫ್, ಪ್ರತಿ ಪಫ್‌ಗೆ 4 ಉಸಿರು, 4 ನಿಮಿಷ ಕಾಯುವುದು, ಕಡಿಮೆಯಾಗದಿದ್ದರೆ ಇನ್ನೊಮ್ಮೆ 4. ನಿಮ್ಮ ಡಾಕ್ಟರು ಬೇರೆ ಲೆಕ್ಕ ಬರೆದಿದ್ದರೆ ಅದೇ ಸರಿ. ಮಗುವನ್ನು ಮಲಗಿಸಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ ಕೂರಲಿ. ಸುತ್ತ ಗುಂಪು ಕಟ್ಟಿ ಗಾಳಿ ಬೀಸುವ ಹತ್ತು ಜನರನ್ನು ಮೊದಲು ಕಳಿಸಿ.

ಕೆಲವು ಲಕ್ಷಣ ಕಂಡರೆ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಬೇಕು: ಒಂದು ವಾಕ್ಯ ಪೂರ್ತಿ ಮಾಡಲಾಗದೆ ಎರಡೆರಡು ಪದಕ್ಕೆ ನಿಲ್ಲುವುದು, ಪಕ್ಕೆಲುಬಿನ ನಡುವೆ, ಗಂಟಲ ಕುಳಿಯಲ್ಲಿ ಚರ್ಮ ಒಳಗೆ ಸೆಳೆಯುವುದು, ತುಟಿ ನೀಲಿಗಟ್ಟುವುದು, ಮಂಕಾಗಿ ತೂಕಡಿಸುವುದು. ಸೊಂಯ್ ಸದ್ದು ನಿಂತಿತೆಂದು ಸಮಾಧಾನಪಡಬೇಡಿ. ಮಗು ಒದ್ದಾಡುತ್ತಲೇ ಇದ್ದು ಸದ್ದು ಮಾತ್ರ ನಿಂತಿದ್ದರೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ. ಆಂಬುಲೆನ್ಸ್ ಬರುವವರೆಗೂ ಪಂಪ್ ಕೊಡುವುದು ನಿಲ್ಲಿಸಬಾರದು. ಪಂಪಿಗೆ ಬಗ್ಗಿದ ದಮ್ಮು ನಾಲ್ಕು ಗಂಟೆಯೊಳಗೆ ಮತ್ತೆ ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಭಾಗದ ಧೂಳಿಗೆ ಏನು ಮಾಡೋಣ?

ಸಂಡೂರಿನ ಅದಿರು ಲಾರಿ, ತೋರಣಗಲ್ಲು, ಗಿಣಿಗೇರಾ ಸುತ್ತಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನ ತೌಡು, ರಾಯಚೂರಿನ ಹತ್ತಿ ಮಿಲ್ಲು. ಇವನ್ನು ಮಗು ನಿಲ್ಲಿಸಲಾರದು. ಈ ಹೊಣೆಯನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. "ಧೂಳಿಗೆ ಹೋಗಬೇಡ ಅಂದಿರಲಿಲ್ಲವಾ" ಎಂದು ದಮ್ಮು ಹತ್ತಿದ ಮಗುವಿಗೆ ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಂಪನಿಯವರಿಗೆ, ಪಂಚಾಯಿತಿಗೆ ಅರ್ಜಿ ಬರೆಯುವುದು ನಮ್ಮ ಕೆಲಸ. ರಸ್ತೆಗೆ ನೀರು ಹೊಡೆಸಿ ಎಂದು, ಲಾರಿಗೆ ತಾಡಪಾಲು ಕಟ್ಟಿಸಿ ಎಂದು.

ಮಗುವಿಗೆ ಕಲಿಸಬಹುದಾದದ್ದು ತನಗೆ ಯಾವುದು ಆಗಿಬರುವುದಿಲ್ಲ ಎಂದು ಗುರುತಿಸುವುದು. ಎಲ್ಲರಿಗೂ ಎಲ್ಲವೂ ಅಲ್ಲ. ಹೆಚ್ಚಿನ ಮಕ್ಕಳಿಗೆ ಮೊದಲ ಶತ್ರು ಮಾಮೂಲಿ ನೆಗಡಿ. ಕೆಲವರಿಗೆ ರಾಶಿ ಮಾಡುವಾಗಿನ ಹೊಟ್ಟು, ಮೆಣಸಿನಕಾಯಿ ಘಾಟು, ಭತ್ತದ ಹುಲ್ಲು ಸುಡುವ ಹೊಗೆ. ಕೆಲವರಿಗೆ ಕಾಂಗ್ರೆಸ್ ಕಸದ, ಬಳ್ಳಾರಿ ಜಾಲಿಯ ಹೂಪುಡಿ. ಜಾಲಿ ನಮ್ಮ ಹೆಸರಲ್ಲೇ ಊರೂರು ಬೆಳೆದು ನಿಂತಿದೆ. ಮೊಹರಂನಲ್ಲಿ ಅಲಾಯಿ ಕುಣಿಯ ಹೊಗೆ, ದೀಪಾವಳಿಯ ಪಟಾಕಿ, ಯುಗಾದಿಗೆ ಮನೆ ಸುಣ್ಣ ಕೆರೆದು ಬಳಿಯುವುದು. ಹಬ್ಬ ಬಿಡಿಸಬೇಡಿ. ಕುಣಿಯ ಬೆಂಕಿಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ಬಾರದ ಕಡೆ ನಿಂತು ಹೆಜ್ಜೆ ಕುಣಿತ ನೋಡಲಿ, ಪಂಪ್ ಜೇಬಿನಲ್ಲಿರಲಿ.

ಮನೆಯೊಳಗಿನದು ಮಾತ್ರ ನಮ್ಮ ಕೈಯಲ್ಲಿದೆ. ಬೀಡಿ ಹೊರಗೆ ಸೇದಿದರೂ ಬಟ್ಟೆಯಲ್ಲಿ ವಾಸನೆ ಒಳಗೆ ಬರುತ್ತದೆ. ರೊಟ್ಟಿ ಬಡಿಯುವ ಒಲೆ ಹೊರಗಿನ ಪಡಸಾಲೆಗೆ ಹೋಗಲಿ. ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದಿದೆ. ಸೊಳ್ಳೆ ಪರದೆ ಕಟ್ಟಿ.

"ಮೃಗಶಿರಾ ಮಳಿ ಕೂಡೋ ದಿನ ಔಷಧಿ ಹಾಕಿಸಿಬಿಟ್ರ ಮುಗೀತಲ್ಲ?"

ಹೈದರಾಬಾದಿನಲ್ಲಿ ಅಸ್ತಮಾಕ್ಕೆಂದು ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗೆ ನಮ್ಮ ಕಡೆಯಿಂದ ಜನ ಹೋಗುತ್ತಾರೆ. ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಗೂ ಆ ದಿನ ಅಸ್ತಮಾ ಔಷಧಿಗೆಂದು ದೂರದೂರದಿಂದ ಬರುತ್ತಾರೆ. ನಂಬಿಕೆಯ ಬಗ್ಗೆ ನಾನು ಜಗಳ ಮಾಡುವುದಿಲ್ಲ. ಈ ಔಷಧಿಗಳಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. ಮೃಗಶಿರಾ ಬರುವುದು ಜೂನ್ ಮೊದಲ ವಾರ ದಾಟಿದ ಮೇಲೆ. ಶಾಲೆ ಶುರುವಾಗಿ ಮಳೆ, ನೆಗಡಿ ಹರಡುವ ಹೊತ್ತೂ ಅದೇ. ಔಷಧಿ ಹಾಕಿಸಿದೆವು ಎಂದು ಪಂಪ್ ನಿಲ್ಲಿಸಲು ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಹೋಗುವುದಿದ್ದರೆ ಹೋಗಿ ಬನ್ನಿ, ಸಾಲಿನಲ್ಲಿ ನಿಂತ ಮಗುವಿನ ಜೇಬಿನಲ್ಲೂ ಪಂಪ್ ಇರಲಿ.

ಬಾಳೆಹಣ್ಣು, ಮೊಸರು, ಪೇರಲ ನಿಲ್ಲಿಸಬೇಕೇ?

ಬೇಡ. ನಿರ್ದಿಷ್ಟ ಆಹಾರದ ಅಲರ್ಜಿ ಇದೆಯೆಂದು ಡಾಕ್ಟರ್ ಹೇಳಿದ್ದರೆ ಅದೊಂದನ್ನು ಬಿಟ್ಟರೆ ಸಾಕು.

ಆಟಕ್ಕೆ ಬಿಡಬಹುದೇ? ಕಬಡ್ಡಿ ಆಡ್ತೀನಿ ಅಂತ ಹಟ.

ಬಿಡಿ. 2003ರಲ್ಲಿ ಲಂಡನ್ ಮ್ಯಾರಥಾನ್‌ನಲ್ಲಿ ವಿಶ್ವದಾಖಲೆ ಮಾಡಿದ ಪೌಲಾ ರ‍್ಯಾಡ್‌ಕ್ಲಿಫ್‌ಗೂ ಅಸ್ತಮಾ ಇತ್ತು. ಆಡುವ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಲಿ, ಡಾಕ್ಟರ್ ಹೇಳಿದ್ದರೆ ಹತ್ತು-ಹದಿನೈದು ನಿಮಿಷ ಮೊದಲು ನೀಲಿ ಪಂಪ್ ತೆಗೆದುಕೊಳ್ಳಲಿ. ಪ್ರತಿ ಸಲ ಆಟದಲ್ಲಿ ದಮ್ಮು ಹತ್ತುತ್ತಿದ್ದರೆ ತಪ್ಪು ಆಟದ್ದಲ್ಲ, ದಿನದ ಔಷಧಿ ಸಾಲುತ್ತಿಲ್ಲ.

ಶಾಲೆಯವರಿಗೆ ಹೇಳಬೇಕೇ? ಹೇಳಿದರೆ ಬೇರೆ ಮಕ್ಕಳು ಆಡಿಕೊಳ್ಳುತ್ತಾರೆ.

ಹೇಳಲೇಬೇಕು. ಪಂಪನ್ನು ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ನಮ್ಮಲ್ಲಿ ಬಹಳ. ಬೀಗದ ಕೈ ಇದ್ದವರು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಿಆರ್‌ಸಿ ಮೀಟಿಂಗಿಗೆ ಹೋದ ದಿನ ದಮ್ಮು ಹತ್ತಿದರೆ? ನೀಲಿ ಪಂಪ್ ಮಗುವಿನ ಬ್ಯಾಗಿನಲ್ಲಿ, ಸಣ್ಣ ಮಗುವಾದರೆ ತರಗತಿ ಶಿಕ್ಷಕರ ಮೇಜಿನಲ್ಲಿ ಇರಬೇಕು. ಇನ್ನೊಂದು ಮಾತು ಸಹೋದ್ಯೋಗಿಗಳಿಗೆ: ಬೆಳಿಗ್ಗೆ ಕಸ ಗುಡಿಸುವ ಪಾಳಿಯಿಂದ ಆ ಮಗುವನ್ನು ಬಿಡಿಸಿ, ಗುಡಿಸುವ ಮುಂಚೆ ನೀರು ಚಿಮುಕಿಸಿ, ಡಸ್ಟರ್ ಹೊರಗೆ ಹೋಗಿ ಬಡಿಯಿರಿ. ಬದಲಿಗೆ ಗಿಡಕ್ಕೆ ನೀರು ಹಾಕುವ ಕೆಲಸ ಕೊಡಿ, ಇಲ್ಲದಿದ್ದರೆ ಮೈಗಳ್ಳ ಎಂಬ ಹೆಸರು ಬರುತ್ತದೆ.

ಆಡಿಕೊಳ್ಳುವುದಕ್ಕೆ ಮದ್ದು ಮುಚ್ಚಿಡುವುದಲ್ಲ. ಆಸ್ಟ್ರೇಲಿಯಾದ "ಟ್ರಿಪಲ್ ಎ" ಎಂಬ ಕಾರ್ಯಕ್ರಮದಲ್ಲಿ ದೊಡ್ಡ ತರಗತಿಯ ಮಕ್ಕಳು ಸಣ್ಣ ತರಗತಿಯವರಿಗೆ ಅಸ್ತಮಾ ಪಾಠ ಹೇಳುತ್ತಾರೆ, ನಾಟಕ ಆಡಿ ತೋರಿಸುತ್ತಾರೆ. ನಮ್ಮ ಶಾಲೆಯಲ್ಲೂ ಏಳನೇ ತರಗತಿಯವರಿಂದ ಇದನ್ನು ಮಾಡಿಸಬಹುದು, ಖರ್ಚಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರುತ್ತದೆ. 2013ರಲ್ಲಿ ಶುರುವಾದ ಈ ಯೋಜನೆಯ ತಪಾಸಣೆ ಪಟ್ಟಿಯಲ್ಲಿ ಉಬ್ಬಸವೂ ಇದೆ. ಅವರು ಬಂದ ದಿನ ಮಗುವನ್ನು ತಪ್ಪಿಸದೆ ಕಳಿಸಿ, ರಾತ್ರಿ ಕೆಮ್ಮಿನ ಕ್ಯಾಲೆಂಡರ್ ಕೈಗೆ ಕೊಟ್ಟು.

ಪಂಪಿನಲ್ಲಿ ಔಷಧಿ ಇನ್ನೂ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಅಲ್ಲಾಡಿಸಿ ನೋಡಿದರೆ ಗೊತ್ತಾಗುವುದಿಲ್ಲ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಬುಸ್ ಎನ್ನುತ್ತದೆ. ಡಬ್ಬಿಯ ಮೇಲೆ 120 ಅಥವಾ 200 ಎಂದು ಪಫ್ ಸಂಖ್ಯೆ ಇರುತ್ತದೆ. ಎಣಿಕೆ ಕಿಟಕಿ ಇದ್ದರೆ ಸರಿ, ಇಲ್ಲದಿದ್ದರೆ ಶುರುಮಾಡಿದ ದಿನ ಬರೆದು ಭಾಗಾಕಾರ ಮಾಡಲಿ, ನಾಲ್ಕನೇ ತರಗತಿಯ ಲೆಕ್ಕ. ನೀಲಿ ಪಂಪಿನ 200 ಪಫ್ ಡಬ್ಬಿ ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ಅಪಾಯದ ಸೂಚನೆ. ಹೊಸ ಪಂಪಾದರೆ ಮೊದಲು ಗಾಳಿಗೆ ಎರಡು ಮೂರು ಸಲ ಬಿಟ್ಟು ಬಳಸಿ. ಬಿಸಿಲಿನ ಬಗ್ಗೆ ಎಚ್ಚರ: ಡಬ್ಬಿಯನ್ನು 30 ಡಿಗ್ರಿಯೊಳಗೆ ಇಡಬೇಕೆನ್ನುತ್ತಾರೆ, ರಾಯಚೂರಿನ ಮೇ ತಿಂಗಳು 40 ದಾಟುತ್ತದೆ. ಬೈಕಿನ ಡಿಕ್ಕಿ, ಕಾರಿನ ಮುಂಭಾಗ, ತಗಡಿನ ಮನೆಯ ಕಿಟಕಿಯ ದಂಡೆ ಬೇಡ. ಮನೆಯ ತಂಪಾದ ಒಣ ಮೂಲೆ ಸಾಕು.

ಮಗಳು ಮೊರಾರ್ಜಿ ಶಾಲೆಗೆ ಆಯ್ಕೆ ಆಗಿದ್ದಾಳೆ. ಆರನೇ ತರಗತಿಗೆ ಹಾಸ್ಟೆಲ್‌ಗೆ ಕಳಿಸಬಹುದೇ?

ಕಳಿಸಿ. ಹೋಗುವ ಮುಂಚಿನ ಬೇಸಿಗೆ ರಜೆಯಲ್ಲಿ ನಿಮ್ಮ ನೆನಪಿಸುವ ಬಾಯಿಯನ್ನು ಪೂರ್ತಿ ಮುಚ್ಚಿ, ಅವಳೇ ನಡೆಸಲಿ. ಎಲ್ಲಿ ಮರೆಯುತ್ತಾಳೆ ಎಂದು ಆಗ ಗೊತ್ತಾಗುತ್ತದೆ. ಡಾಕ್ಟರ ಕ್ರಮದ ಹಾಳೆಯ ಮೂರು ಪ್ರತಿ ಮಾಡಿಸಿ: ವಾರ್ಡನ್‌ಗೆ, ಕ್ಲಾಸ್ ಟೀಚರ್‌ಗೆ, ಅವಳ ಟ್ರಂಕಿನ ಮುಚ್ಚಳದ ಒಳಗೆ. ನೀಲಿ ಪಂಪ್ ಎರಡು ಕೊಡಿ, ಒಂದು ಟ್ರಂಕಿನಲ್ಲಿ, ಒಂದು ಬ್ಯಾಗಿನಲ್ಲಿ. ಸ್ಪೇಸರ್ ಮೇಲೆ ಹೆಸರು ಬರೆಯಿರಿ. ರಾತ್ರಿ ದಮ್ಮು ಹತ್ತಿದರೆ ಯಾರನ್ನು ಎಬ್ಬಿಸಬೇಕು ಎಂಬುದನ್ನು ವಾರ್ಡನ್ ಎದುರಿಗೇ ಕೇಳಿ ಗೊತ್ತು ಮಾಡಿಕೊಳ್ಳಿ. ಹೆಣ್ಣುಮಕ್ಕಳು ರಾತ್ರಿ ಹೊತ್ತು ಎಬ್ಬಿಸಲು ಸಂಕೋಚಪಟ್ಟು ಬೆಳಗಿನ ತನಕ ಕೂತೇ ಇರುತ್ತಾರೆ. ಪಕ್ಕದ ಮಂಚದ ಹುಡುಗಿಗೂ ಪಂಪ್ ಹಿಡಿಸುವುದು ಬರಲಿ. ಮೊದಲ ಭೇಟಿಗೆ ಹೋದಾಗ ಚಕ್ಕುಲಿ ಡಬ್ಬಿ ಕೊಡುವ ಮುಂಚೆ ಪಂಪಿನ ಎಣಿಕೆ ನೋಡಿ.